ರೆಫರಿ ಎಡವಿದನೋ, ಮಾರಿಕೊಂಡನೋ?

ಹನ್ನೆರಡನೇ ಆಟಗಾರ:
ರಾತ್ರಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ನಿದ್ದೆನೇ ಬರಲಿಲ್ಲ. ಎದ್ದ ಕೂಡಲೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಂಡ ಯಾವುದು ಅಂತ ಹೇಳಲ್ಲ. ಹೇಳಿದರೆ ಅರ್ಧ ಜನ ವಿಷಯ ಬಿಟ್ಟು ನನ್ನ ಮೇಲೆ ಬೀಳುತ್ತೀರಿ.

ಒಂದೇ ಪಂದ್ಯದಲ್ಲಿ ನಮಗೆ ಮೂರು ಪೆನಾಲ್ಟಿ ಕೊಡಲಿಲ್ಲ. ಮೊದಲನೆಯದರಲ್ಲಿ ಚೆಂಡು ಅವರ ಡಿಫೆಂಡರ್ ಕೈಗೆ ಬಡಿಯಿತು, ಕೈ ಭುಜದ ಮಟ್ಟಕ್ಕಿತ್ತು. ಎರಡನೆಯದರಲ್ಲಿ ನಮ್ಮ ವಿಂಗರ್‌ಗೆ ಅಡ್ಡಗಾಲು ಕೊಟ್ಟು ಕೆಡವಿದರು. ಮೂರನೆಯದು ಕಾರ್ನರ್ ಹೊತ್ತಲ್ಲಿ ಶರ್ಟ್ ಹಿಡಿದು ಎಳೆದದ್ದು. ಮೂರೂ ಸಲ ರೆಫರಿ ಕೈ ಮುಂದೆ ಚಾಚಿ 'ಆಡಿ, ಆಡಿ' ಅಂದ. ವಿಡಿಯೊ ನೋಡಿ ರೆಫರಿಯ ತಪ್ಪು ತಿದ್ದಬೇಕಾದ ವಿಎಆರ್ ಕೋಣೆಯಲ್ಲಿ ಕೂತವರೂ ಬಾಯಿ ಬಿಡಲಿಲ್ಲ. ಆಮೇಲೆ 93ನೇ ನಿಮಿಷದಲ್ಲಿ ಆ ಕಡೆಯವನೊಬ್ಬ ಗಾಳಿ ಸೋಕಿದ್ದಕ್ಕೇ ಬಿದ್ದ. ತಕ್ಷಣ ಸೀಟಿ, ಪೆನಾಲ್ಟಿ, ಗೋಲು, ಕಥೆ ಮುಗೀತು.

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ತಪ್ಪಾ, ಇಲ್ಲಾ ಮೊದಲೇ ಮಾತುಕತೆ ಆಗಿರುತ್ತಾ?

ಎಡಗಾಲು:
ಸೋತಿರಾ? ಹಾಗಾದರೆ ರೆಫರಿ ಕಳ್ಳ. ಗೆದ್ದಿದ್ದರೆ 'ಎಂಥ ದಿಟ್ಟ ರೆಫರಿ' ಅಂತ ಬರೆಯುತ್ತಿದ್ದಿರಿ.

ಬೆಂಚ್ ಬಸ್ಯ:
ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಕಾರ್ಡ್.

ಹನ್ನೆರಡನೇ ಆಟಗಾರ:
ಗಾದೆ ಹೇಳೋದು ಸುಲಭ ಬಸ್ಯ. ಬೆಂಕಿ ಇಲ್ಲದೆ ಹೊಗೆ ಏಳಲ್ಲ ಅನ್ನೋದೂ ಗಾದೆನೇ. ರೆಫರಿ ದುಡ್ಡು ತಗೊಂಡಿದ್ದು ಯಾವತ್ತೂ ನಡೆದೇ ಇಲ್ವಾ?

ಹಳೇ ಸ್ಕೋರ್‌ಬೋರ್ಡ್:
ನಡೆದಿದೆ. ಜರ್ಮನಿಯ ಕಥೆ ಹೇಳ್ತೀನಿ ಕೇಳಿ.

2004ರ ಆಗಸ್ಟ್ 21, ಜರ್ಮನ್ ಕಪ್ ಮೊದಲ ಸುತ್ತು. ಒಂದು ಕಡೆ ಅಲ್ಲಿನ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾದ ಹ್ಯಾಂಬರ್ಗ್, ಇನ್ನೊಂದು ಕಡೆ ಮೂರನೇ ದರ್ಜೆಯ ಪಾಡರ್‌ಬಾರ್ನ್. ಹ್ಯಾಂಬರ್ಗ್ 2-0 ಮುಂದಿತ್ತು. ಅಲ್ಲಿಂದ ಆಟ ತಿರುಗಿತು. ಹ್ಯಾಂಬರ್ಗ್‌ನ ಎಮಿಲ್ ಎಂಪೆನ್ಜಾಗೆ ಕೆಂಪು ಕಾರ್ಡ್. ಪಾಡರ್‌ಬಾರ್ನ್‌ಗೆ ಎರಡು ಪೆನಾಲ್ಟಿ. ಕೊನೆಗೆ 4-2. ಎಲ್ಲರೂ 'ಆಹಾ, ಕಪ್ ಪಂದ್ಯ ಅಂದರೆ ಇದಪ್ಪಾ' ಅಂದರು. ಹ್ಯಾಂಬರ್ಗ್ ಕೋಚ್ ಕ್ಲೌಸ್ ಟೋಪ್‌ಮೊಲ್ಲರ್ ಅಕ್ಟೋಬರ್‌ನಲ್ಲಿ ಕೆಲಸ ಕಳೆದುಕೊಂಡರು.

2005ರ ಜನವರಿಯಲ್ಲಿ ವಿಷಯ ಹೊರಬಿತ್ತು. ರೆಫರಿ ರಾಬರ್ಟ್ ಹೊಯ್ಜರ್ ಬರ್ಲಿನ್‌ನ ಒಂದು ಬೆಟ್ಟಿಂಗ್ ಗ್ಯಾಂಗ್ ಕೈಯಲ್ಲಿದ್ದ. ಹಲವು ಪಂದ್ಯ ತಿರುಚೋಕೆ ಅವನಿಗೆ ಒಟ್ಟು ಸಿಕ್ಕಿದ್ದು 67,000 ಯೂರೊ, ಜೊತೆಗೊಂದು ಟಿವಿ. 2 ವರ್ಷ 5 ತಿಂಗಳ ಜೈಲು ಶಿಕ್ಷೆ ಆಯಿತು. ಅವನ ಮೇಲೆ ಮೊದಲು ದೂರು ಕೊಟ್ಟಿದ್ದು ಸೋತ ತಂಡದ ಅಭಿಮಾನಿಗಳಲ್ಲ, ಅವನ ಜೊತೆಗಿದ್ದ ರೆಫರಿಗಳೇ.

ಗೋಲ್‌ಪೋಸ್ಟ್ ಗೌರಿ:
ಟಿವಿಗೆ! ಒಂದು ಟಿವಿಗೆ ಹೆಸರು, ಕೆಲಸ, ಎಲ್ಲ ಕಳ್ಕೊಂಡ.

ಎಡಗಾಲು:
ಪಂದ್ಯ ನೋಡೋಕೆ ಟಿವಿ ಬೇಕಲ್ವಾ ಗೌರಿ ಅಕ್ಕ. ಹೊರಗೆ ಹಾಕಿದ ಮೇಲೆ ಮನೆಯಲ್ಲೇ ನೋಡಬೇಕು.

ಹನ್ನೆರಡನೇ ಆಟಗಾರ:
ನೋಡಿ, ಇದನ್ನೇ ನಾನು ಹೇಳಿದ್ದು! ಕೆಂಪು ಕಾರ್ಡ್, ಎರಡು ಪೆನಾಲ್ಟಿ. ಥೇಟ್ ನಿನ್ನೆಯ ಹಾಗೇ.

ಹಳೇ ಸ್ಕೋರ್‌ಬೋರ್ಡ್:
ಥೇಟ್ ಅಲ್ಲ ಮಾರಾಯ. ಅದು ಕಪ್‌ನ ಮೊದಲ ಸುತ್ತು, ದೊಡ್ಡ ಕ್ಯಾಮೆರಾಗಳ ಕಣ್ಣು ಬೇರೆಲ್ಲೋ ಇತ್ತು. ಹೊಯ್ಜರ್ ಕೈ ಹಾಕಿದ್ದೆಲ್ಲ ಕಪ್ ಮತ್ತು ಕೆಳಗಿನ ಲೀಗ್ ಪಂದ್ಯಗಳಿಗೆ, ಬುಂಡೆಸ್‌ಲಿಗಾಗೆ ಅಲ್ಲ. ನಿನ್ನೆಯ ನಿಮ್ಮ ಪಂದ್ಯವನ್ನ ಎಷ್ಟು ಜನ ನೋಡಿರಬಹುದು ಲೆಕ್ಕ ಹಾಕಿ.

ಸೀಟಿ ಸಿದ್ದಪ್ಪ:
ಸ್ವಲ್ಪ ನನ್ನ ಮಾತೂ ಕೇಳಿ. ನಾನು ಏಳು ವರ್ಷ ಸೀಟಿ ಊದಿದವನು. ದೊಡ್ಡ ಲೀಗ್ ಅಲ್ಲ, ಸಣ್ಣ ಪಂದ್ಯಗಳು. ಆದರೂ ಬೈಗುಳ ಮಾತ್ರ ದೊಡ್ಡ ಲೀಗ್‌ದೇ.

ಒಂದು ಪಂದ್ಯ ಇವತ್ತಿಗೂ ಮರೆತಿಲ್ಲ. ಪೆನಾಲ್ಟಿ ಬಾಕ್ಸ್ ಒಳಗೆ ಚೆಂಡು ಬಂತು, ಇಬ್ಬರು ಹಾರಿದರು. ಆ ಗಳಿಗೆಗೆ ಸರಿಯಾಗಿ ನನ್ನ ಮುಂದೆ ಒಬ್ಬ ಮಿಡ್‌ಫೀಲ್ಡರ್ ಅಡ್ಡ ಬಂದ. ನನಗೆ ಕಂಡಿದ್ದು ಅವನ ಬೆನ್ನಿನ 8 ನಂಬರ್ ಮಾತ್ರ. ಆದರೆ ಇಡೀ ಗ್ಯಾಲರಿ ಒಂದೇ ಸಲ 'ಹೋ' ಅಂತು. ನನ್ನ ಸೀಟಿ ತಾನಾಗೇ ಊದಿಹೋಯಿತು. ಊದಿದ ಮೇಲೆ ಗೊತ್ತಾಯಿತು, ನಾನು ಏನನ್ನೂ ನೋಡಿಲ್ಲ. ಅಷ್ಟೊತ್ತಿಗೆ ಕೈ ಪೆನಾಲ್ಟಿ ಸ್ಪಾಟ್ ತೋರಿಸುತ್ತಿತ್ತು. ಹಿಂದೆ ತೆಗೆದುಕೊಳ್ಳೋ ಧೈರ್ಯ ಬರಲಿಲ್ಲ.

ಆಮೇಲೆ ಸೋತವರು ಬಂದು ಎಷ್ಟು ತಗೊಂಡೆ ಅಂತ ಕೇಳಿದರು. ಒಂದು ಪೈಸೆ ಇಲ್ಲ. ತಪ್ಪು ಹೇಗೂ ಮಾಡಿದ್ದೆ, ದುಡ್ಡಾದರೂ ಸಿಕ್ಕಿದ್ದರೆ ಅಂತ ಆ ರಾತ್ರಿ ಅನಿಸಿತ್ತು. ತಮಾಷೆಗೆ ಹೇಳಿದೆ, ಯಾರೂ ಇದನ್ನ ಹಿಡ್ಕೊಂಡು ಜಗ್ಗಬೇಡಿ.

ಲೆಕ್ಕದ ಮೇಷ್ಟ್ರು:
ಸಿದ್ದಪ್ಪನವರು ಹೇಳಿದ್ದಕ್ಕೆ ಲೆಕ್ಕವೂ ಇದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅರ್ಹತೆ ಪಡೆದ 40 ರೆಫರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯವೊಂದರ 47 ಟ್ಯಾಕಲ್ ತೋರಿಸಿದರು. ಕೆಲವರಿಗೆ ಜನರ ಕೂಗಿನ ಜೊತೆ, ಉಳಿದವರಿಗೆ ಸದ್ದು ಬಂದ್ ಮಾಡಿ. ಕೂಗು ಕೇಳಿಸಿಕೊಂಡವರು ತವರು ತಂಡದ ಮೇಲೆ ಸುಮಾರು 15% ಕಮ್ಮಿ ಫೌಲ್ ಕೊಟ್ಟರು. ದೃಶ್ಯ ಅದೇ, ನಿಯಮ ಅದೇ. ಬದಲಾಗಿದ್ದು ಸದ್ದು ಮಾತ್ರ.

ಸ್ಪ್ಯಾನಿಷ್ ಲೀಗ್ ಮೇಲೆ 2005ರಲ್ಲಿ ಇನ್ನೊಂದು ಅಧ್ಯಯನ ಬಂತು. ತವರು ತಂಡ ಒಂದು ಗೋಲಿನಿಂದ ಹಿಂದಿದ್ದರೆ ಕೊನೆಗೆ ರೆಫರಿ ಸೇರಿಸೋ ಇಂಜುರಿ ಟೈಮ್ ಹತ್ತತ್ರ 4 ನಿಮಿಷ. ಒಂದು ಗೋಲಿನಿಂದ ಮುಂದಿದ್ದರೆ 2 ನಿಮಿಷ. ಯಾರೂ ಯಾರಿಗೂ ಕವರ್ ಕೊಟ್ಟಿಲ್ಲ. ಕೊರೊನಾ ಸಮಯದಲ್ಲಿ ಖಾಲಿ ಮೈದಾನದಲ್ಲಿ ಆಡಿದಾಗ ಹೊರಗಿನಿಂದ ಬಂದ ತಂಡಕ್ಕೆ ಸಿಗುವ ಹಳದಿ ಕಾರ್ಡ್ ಕಮ್ಮಿ ಆಗಿದ್ದೂ ನಿಜ.

ಕಳ್ಳಾಟ ಬೇರೆ, ವಾಲುವಿಕೆ ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ.

ತುರಿನ್ ತಮ್ಮಣ್ಣ:
ಮೇಷ್ಟ್ರೇ, ದೊಡ್ಡ ಕ್ಲಬ್‌ಗಳಿಗೆ ಯಾವಾಗಲೂ ಅನುಕೂಲ ಆಗುತ್ತಲ್ಲ, ಅದು ಯಾವ ಸದ್ದು?

ಬೆಂಚ್ ಬಸ್ಯ:
ಇಟಲಿಯಲ್ಲಿ ನಿಮ್ಮ ಯುವೆಂಟಸ್ ಕ್ಲಬ್ಬೇ ರೆಫರಿಗಳಿಗೆ ದುಡ್ಡು ತಿನ್ನಿಸಿತ್ತಲ್ಲ ತಮ್ಮಣ್ಣ. ಬೇಲಿನೇ ಹೊಲ ಮೇಯ್ದ ಕಥೆ.

ತುರಿನ್ ತಮ್ಮಣ್ಣ:
ತಪ್ಪು, ತಪ್ಪು, ತಪ್ಪು! ನೂರು ಸಲ ಹೇಳಿದ್ದೇನೆ. 2006ರ ಕಾಲ್ಚೋಪೋಲಿ ಹಗರಣ ದುಡ್ಡಿನ ಕಂತೆಯದ್ದಲ್ಲ, ಫೋನಿನದ್ದು. ಕ್ಲಬ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಲುಚಾನೊ ಮೊಜ್ಜಿ, ಯಾವ ಪಂದ್ಯಕ್ಕೆ ಯಾವ ರೆಫರಿ ಅಂತ ನಿರ್ಧರಿಸುವ ಅಧಿಕಾರಿಗಳ ಜೊತೆ ಫೋನಲ್ಲಿ ಮಾತಾಡುತ್ತಿದ್ದ. ಪೊಲೀಸರು ಕದ್ದು ಕೇಳಿದ್ದು ಆ ಕರೆಗಳನ್ನ. ಎರಡು ಪ್ರಶಸ್ತಿ ಹೋಯಿತು, ಎರಡನೇ ದರ್ಜೆಗೆ ತಳ್ಳಿದರು, ಮೈನಸ್ 30 ಪಾಯಿಂಟ್ ಹಾಕಿದರು. ಅದು 17 ಆಗಿ, ಕೊನೆಗೆ 9ಕ್ಕೆ ಇಳಿಯಿತು. ಆ ಕಡಿತದ ಮೇಲೂ ಎರಡನೇ ದರ್ಜೆಯ ಲೀಗ್ ಸೀರಿ ಬಿ ಗೆದ್ದು ವಾಪಸ್ ಬಂದೆವು.

ಮಿಲಾನ್, ಲಾಜಿಯೊ, ಫಿಯೊರೆಂಟಿನಾಗೂ ಪಾಯಿಂಟ್ ಕಡಿತ ಆಯಿತು. ನಮ್ಮಿಂದ ಕಿತ್ತ 2005-06ರ ಪ್ರಶಸ್ತಿ ಇಂಟರ್‌ಗೆ ಕೊಟ್ಟರು. ಆಮೇಲೆ ಇಂಟರ್ ಕಡೆಯ ಕರೆಗಳೂ ಹೊರಬಂದವು, ಆದರೆ ಅಷ್ಟೊತ್ತಿಗೆ ಕಾಲಮಿತಿ ದಾಟಿತ್ತು.

ಗೋಲ್‌ಪೋಸ್ಟ್ ಗೌರಿ:
ಪಕ್ಕದ ಮನೆಯವನೂ ಕದ್ದ ಅಂದರೆ ನೀವು ಕದ್ದದ್ದು ಮಾಫ್ ಆಗಲ್ಲ ತಮ್ಮಣ್ಣ.

ಲೆಕ್ಕದ ಮೇಷ್ಟ್ರು:
ನನಗೆ ಇಲ್ಲಿ ಮುಖ್ಯ ಅನಿಸೋದು ಒಂದೇ. ಪಂದ್ಯದೊಳಗಿನ ಪೆನಾಲ್ಟಿ ಕೊಳ್ಳೋ ಅಗತ್ಯನೇ ಬೀಳಲಿಲ್ಲ. 'ಯಾರನ್ನ ಕಳಿಸುತ್ತೀರಿ' ಅನ್ನೋ ಜಾಗಕ್ಕೇ ಕೈ ಹಾಕಿದರು. ಮುಂದಿನ ಪಂದ್ಯ ಸಿಗಬೇಕಾದರೆ ಯಾರನ್ನ ಎದುರು ಹಾಕಿಕೊಳ್ಳಬಾರದು ಅನ್ನೋದು ರೆಫರಿಗೆ ಹೇಳದೇ ಗೊತ್ತಾಗುತ್ತೆ.

ಬಿಳಿ ಜೆರ್ಸಿ:
ಹಾಗಾದರೆ ಬಾರ್ಸಿಲೋನಾ ಬಗ್ಗೆ ಯಾರೂ ಮಾತಾಡಲ್ವಾ? ಸ್ಪೇನ್ ರೆಫರಿ ಸಮಿತಿಯ ಉಪಾಧ್ಯಕ್ಷ ನೆಗ್ರೇರಾಗೆ 2001ರಿಂದ 2018ರವರೆಗೆ 70 ಲಕ್ಷ ಯೂರೊಗೂ ಜಾಸ್ತಿ ಕೊಟ್ಟರು. 2023ರಲ್ಲಿ ಹೊರಬಂತು. ರೆಫರಿ ಕೊಂಡರು ಅಂತ ನೇರವಾಗಿ ಹೇಳಿ.

ನೀಲಿ-ಕೆಂಪು:
ಬಂದ್ರಪ್ಪಾ! ರೆಫರಿಗಳ ಬಗ್ಗೆ ವರದಿ ಬರೆಸಿಕೊಂಡಿದ್ದಕ್ಕೆ ಕೊಟ್ಟ ದುಡ್ಡು ಅಂತ ಕ್ಲಬ್ ಹೇಳಿದೆ. ಇಂಥ ಪಂದ್ಯ, ಇಂಥ ರೆಫರಿ, ಇಂಥ ತೀರ್ಪು ಅಂತ ಒಂದನ್ನಾದರೂ ತೋರಿಸಿದ್ದಾರಾ?

ಸೀಟಿ ಸಿದ್ದಪ್ಪ:
ಇಬ್ಬರೂ ಸುಮ್ನಿರಿ. ಪಂದ್ಯ ಮಾರಾಟ ಆಗಿದೆ ಅಂತ ಸಾಬೀತಾಗಿಲ್ಲ, ಅದು ಸರಿ. ಆದರೆ ರೆಫರಿಗಳ ಮೇಲೆ ಕೂತ ಮನುಷ್ಯನಿಗೆ ಅಷ್ಟು ವರ್ಷ ಒಂದು ಕ್ಲಬ್ ದುಡ್ಡು ಕೊಟ್ಟಿದ್ದೇ ತಪ್ಪು. ಸೀಟಿ ಹಿಡಿದವನಾಗಿ ಹೇಳ್ತೀನಿ, ಅದನ್ನ ಕೇಳಿದಾಗ ನಾಚಿಕೆ ಆಯಿತು. ನಮ್ಮ ಹತ್ತಿರ ಇರೋದೇ ನಂಬಿಕೆ ಒಂದು.

ಕಾರ್ನರ್ ಫ್ಲ್ಯಾಗ್:
ನೀವೆಲ್ಲ ದೊಡ್ಡ ಕ್ಲಬ್ ಹಿಡ್ಕೊಂಡು ಜಗಳ ಆಡುತ್ತಿದ್ದೀರಿ. ಬೆಟ್ಟಿಂಗ್‌ನವರಿಗೆ ಯಾರು ಗೆದ್ದರೂ ಒಂದೇ. ಅವರಿಗೆ ಬೇಕಿರೋದು ಗೋಲಿನ ಲೆಕ್ಕ. ಮತ್ತೆ ಯಾರೂ ನೋಡದ ಪಂದ್ಯ.

2011ರ ಫೆಬ್ರವರಿಯಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ಒಂದೇ ದಿನ ಎರಡು ಸೌಹಾರ್ದ ಪಂದ್ಯ ಆಡಿಸಿದರು. ಲಾಟ್ವಿಯಾ–ಬೊಲಿವಿಯಾ 2-1, ಎಸ್ಟೋನಿಯಾ–ಬಲ್ಗೇರಿಯಾ 2-2. ಒಟ್ಟು ಏಳು ಗೋಲು. ಏಳೂ ಪೆನಾಲ್ಟಿ! ಒಂದು ಪೆನಾಲ್ಟಿ ಗೋಲಾಗದಿದ್ದಕ್ಕೆ ಮತ್ತೆ ಒದೆಯೋಕೆ ಹೇಳಿದರು. ಆ ರೆಫರಿಗಳು, ಲೈನ್ಸ್‌ಮನ್‌ಗಳನ್ನೆಲ್ಲ ಫಿಫಾ ಜೀವನಪರ್ಯಂತ ಹೊರಗೆ ಹಾಕಿತು.

ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾ–ಅರ್ಜೆಂಟೀನಾ ಸೌಹಾರ್ದ ಪಂದ್ಯ. ಅರ್ಜೆಂಟೀನಾ ಕಳಿಸಿದ್ದು ಎರಡನೇ ಸಾಲಿನ ತಂಡ. ನೈಜೀರಿಯಾ 4-0 ಮುಂದಿತ್ತು. ರೆಫರಿ ಇಬ್ರಾಹಿಂ ಚೈಬು, ನೈಜರ್ ದೇಶದವನು. ಇಂಜುರಿ ಟೈಮ್ 5 ನಿಮಿಷ ಅಂತ ಬೋರ್ಡ್ ತೋರಿಸಿದರು. 5 ಆಯಿತು, 6 ಆಯಿತು, 7 ಆಯಿತು. ಸೀಟಿ ಇಲ್ಲ. 98ನೇ ನಿಮಿಷಕ್ಕೆ ಅರ್ಜೆಂಟೀನಾಗೆ ಪೆನಾಲ್ಟಿ. ಗೋಲು. ಆಮೇಲೆ ಪಂದ್ಯ ಮುಗೀತು. ಗೆದ್ದವರು ಬದಲಾಗಲಿಲ್ಲ, ಐದನೇ ಗೋಲು ಮಾತ್ರ ಬಂತು. ಚೈಬುಗೆ ಜೀವನಪರ್ಯಂತ ನಿಷೇಧ ಬಿದ್ದಿದ್ದು 2019ರಲ್ಲಿ.

ಎಡಗಾಲು:
ಏಳಕ್ಕೆ ಏಳೂ ಪೆನಾಲ್ಟಿನಾ! ಕದಿಯೋದರಲ್ಲೂ ಸ್ವಲ್ಪ ಕಲೆ ಬೇಡ್ವಾ?

ಗೋಲ್‌ಪೋಸ್ಟ್ ಗೌರಿ:
ಕಲೆ ಇಲ್ಲದವರ ಇನ್ನೊಂದು ಕಥೆ. ಇಂಗ್ಲೆಂಡ್‌ನ ಸೌತಾಂಪ್ಟನ್ ಆಟಗಾರ ಮ್ಯಾಟ್ ಲೆ ಟಿಸಿಯೇ ತಾನೇ ಒಪ್ಪಿಕೊಂಡದ್ದು. 1995ರಲ್ಲಿ ಸೌತಾಂಪ್ಟನ್–ವಿಂಬಲ್ಡನ್ ಪಂದ್ಯ. ಮೊದಲ ಥ್ರೋ-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನ ಕೈಯಿಂದ ಒಳಗೆ ಎಸೆಯೋದು) ಎಷ್ಟು ಬೇಗ ಬರುತ್ತೆ ಅಂತ ಬೆಟ್. ಆಟ ಶುರುವಾದ ತಕ್ಷಣ ಇವನು ಚೆಂಡನ್ನ ಹೊರಗೆ ಹೋಗೋ ಹಾಗೆ ಒದ್ದ. ಪಾಪ, ವಿಷಯ ಗೊತ್ತಿಲ್ಲದ ಜೊತೆ ಆಟಗಾರ ಚೆಂಡು ಉಳಿಸಿಬಿಟ್ಟ! ದುಡ್ಡು ಹೋಗುತ್ತೆ ಅಂತ ಲೆ ಟಿಸಿಯೇ ಚೆಂಡು ಹೊರಗೆ ತಳ್ಳೋಕೆ ಮೈದಾನ ತುಂಬ ಓಡಾಡಿದ.

ಬೆಂಚ್ ಬಸ್ಯ:
ಅವನು ಜೀವನದಲ್ಲಿ ಅಷ್ಟು ಓಡಿದ್ದು ಅವತ್ತೊಂದೇ ದಿನ ಇರಬೇಕು.

ಹನ್ನೆರಡನೇ ಆಟಗಾರ:
ನಗು ಆಯಿತು. ಇಷ್ಟೆಲ್ಲ ನಡೆದಿದೆ ಅಂದ ಮೇಲೆ ನನ್ನ ಅನುಮಾನ ತಪ್ಪು ಅಂತ ಹೇಗೆ ಹೇಳ್ತೀರಿ? 2002ರ ವಿಶ್ವಕಪ್ ಮರೆತಿರಾ? ದಕ್ಷಿಣ ಕೊರಿಯಾ–ಇಟಲಿ. ಇಟಲಿಯ ತೊತ್ತಿ ಬಿದ್ದಿದ್ದಕ್ಕೆ ನಾಟಕ ಅಂತ ಎರಡನೇ ಹಳದಿ, ಅಂದರೆ ಹೊರಗೆ. ಹೊಡೆದ ಕೂಡಲೇ ಇಟಲಿ ಗೆದ್ದುಬಿಡುತ್ತಿದ್ದ ತೊಮ್ಮಾಸಿಯ ಗೋಲ್ಡನ್ ಗೋಲನ್ನ ಆಫ್‌ಸೈಡ್ ಅಂತ ರದ್ದು ಮಾಡಿದರು. ಅದರ ರೆಫರಿ ಬೈರನ್ ಮೊರೆನೊ 2010ರಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಹೆರಾಯಿನ್ ಜೊತೆ ಸಿಕ್ಕಿಬಿದ್ದ.

ಲೆಕ್ಕದ ಮೇಷ್ಟ್ರು:
ಸಿಕ್ಕಿಬಿದ್ದದ್ದು ನಿಜ. ಆದರೆ 2010ರ ಹೆರಾಯಿನ್ 2002ರ ಪಂದ್ಯಕ್ಕೆ ಸಾಕ್ಷಿ ಆಗಲ್ಲ. ಇಟಲಿಯವರು ಆ ಪಂದ್ಯದಲ್ಲಿ ಎಷ್ಟು ಅವಕಾಶ ಹಾಳುಮಾಡಿದರು ಅಂತ ಒಂದ್ಸಲ ನೋಡಿ. ಮನುಷ್ಯ ಕೆಟ್ಟವನು ಅಂತ ಆಮೇಲೆ ಗೊತ್ತಾದರೆ, ಹಳೇ ತಪ್ಪೆಲ್ಲ ಬೇಕಂತಲೇ ಮಾಡಿದ್ದು ಅಂತ ಕಾಣೋಕೆ ಶುರುವಾಗುತ್ತೆ.

ಸಾಕ್ಷಿ ಅಂದರೆ ಹೇಗಿರುತ್ತೆ? 2016ರ ನವೆಂಬರ್, ವಿಶ್ವಕಪ್ ಅರ್ಹತಾ ಪಂದ್ಯ, ದಕ್ಷಿಣ ಆಫ್ರಿಕಾ–ಸೆನೆಗಲ್. ಚೆಂಡು ಸೆನೆಗಲ್‌ನ ಡಿಫೆಂಡರ್ ಕುಲಿಬಾಲಿ ಮೊಣಕಾಲಿಗೆ ಬಡಿಯಿತು, ಕೈ ಹತ್ತಿರವೂ ಹೋಗಲಿಲ್ಲ. ಘಾನಾದ ರೆಫರಿ ಜೋಸೆಫ್ ಲಾಂಪ್ಟಿ ಹ್ಯಾಂಡ್‌ಬಾಲ್ ಅಂತ ಪೆನಾಲ್ಟಿ ಕೊಟ್ಟ. ದಕ್ಷಿಣ ಆಫ್ರಿಕಾ 2-1 ಗೆದ್ದಿತು. ಬೆಟ್ಟಿಂಗ್ ಹರಿವು ಕಾಯುವವರಿಗೆ ದುಡ್ಡು ವಿಚಿತ್ರವಾಗಿ ಓಡಿದ್ದು ಕಂಡಿತ್ತು. ಆ ಲೆಕ್ಕ ಮತ್ತು ಈ ತೀರ್ಪು ಎರಡೂ ಹೊಂದಿದವು. ಲಾಂಪ್ಟಿಗೆ ಜೀವನಪರ್ಯಂತ ನಿಷೇಧ. ಫಿಫಾ ಪಂದ್ಯವನ್ನೇ ಮತ್ತೆ ಆಡಿಸಿತು, ಸೆನೆಗಲ್ 2-0 ಗೆದ್ದು 2018ರ ವಿಶ್ವಕಪ್‌ಗೆ ಹೋಯಿತು. ನಿಮ್ಮ ಪಂದ್ಯದಲ್ಲಿ ದುಡ್ಡಿನ ಜಾಡು ಎಲ್ಲಿದೆ ತೋರಿಸಿ.

ಕಾರ್ನರ್ ಫ್ಲ್ಯಾಗ್:
ಮತ್ತೆ ಆಡಿಸೋದರಲ್ಲೂ ಗೋಳಿದೆ ಮೇಷ್ಟ್ರೇ. 2005ರಲ್ಲಿ ಬ್ರೆಜಿಲ್‌ನ ರೆಫರಿ ಎಡಿಲ್ಸನ್ ಸಿಕ್ಕಿಬಿದ್ದಾಗ ಅವನು ನಡೆಸಿದ 11 ಲೀಗ್ ಪಂದ್ಯ ರದ್ದು ಮಾಡಿ ಮತ್ತೆ ಆಡಿಸಿದರು. ಕೊರಿಂಥಿಯನ್ಸ್ ಅದರಲ್ಲಿ ಎರಡನ್ನ ಸೋತಿತ್ತು. ಮರು ಆಟದಲ್ಲಿ 4 ಪಾಯಿಂಟ್ ಗಳಿಸಿತು. ಪ್ರಶಸ್ತಿ ಗೆದ್ದಿದ್ದು 3 ಪಾಯಿಂಟ್ ಅಂತರದಲ್ಲಿ. ಎರಡನೇ ಸ್ಥಾನದ ಇಂಟರ್‌ನ್ಯಾಸಿಯೊನಾಲ್ ಅಭಿಮಾನಿಗಳ ಹೊಟ್ಟೆ ಉರಿ ಆರಿರುತ್ತೆ ಅಂತೀರಾ?

ತುರಿನ್ ತಮ್ಮಣ್ಣ:
ಆರಲ್ಲ. ನಮಗೇ ಆರಿಲ್ಲ.

ಹಳೇ ಸ್ಕೋರ್‌ಬೋರ್ಡ್:
ಸಾಕ್ಷಿ ಅಂದಾಗ ನೆನಪಾಯಿತು. 1971ರ ಜೂನ್ 6, ಜರ್ಮನಿ. ಲೀಗ್ ಮುಗಿದು ಒಂದು ದಿನ ಆಗಿತ್ತು. ಕಿಕರ್ಸ್ ಆಫನ್‌ಬಾಖ್ ಕೆಳಗಿನ ದರ್ಜೆಗೆ ಬಿದ್ದಿತ್ತು. ಅದರ ಅಧ್ಯಕ್ಷ ಕನೆಲ್ಲಾಸ್ 50ನೇ ಹುಟ್ಟುಹಬ್ಬಕ್ಕೆ ಎಲ್ಲರನ್ನೂ ತೋಟಕ್ಕೆ ಕರೆದ. ಪತ್ರಕರ್ತರು, ಫುಟ್‌ಬಾಲ್ ದೊಡ್ಡವರು, ರಾಷ್ಟ್ರೀಯ ತಂಡದ ಕೋಚ್ ಕೂಡ ಬಂದಿದ್ದರು. ಎಲ್ಲ ಕೂತ ಮೇಲೆ ಟೇಪ್ ರೆಕಾರ್ಡರ್ ಗುಂಡಿ ಒತ್ತಿದ. ಆಟಗಾರರು ಫೋನಲ್ಲಿ ಸೋಲೋಕೆ ರೇಟು ಹೇಳುತ್ತಿರೋದು ಕೇಳಿಸಿತು. ಆಮೇಲೆ 50ಕ್ಕೂ ಹೆಚ್ಚು ಆಟಗಾರರಿಗೆ ಶಿಕ್ಷೆ ಆಯಿತು. ಅಲ್ಲಿ ಮಾರಿಕೊಂಡವರು ರೆಫರಿಗಳಲ್ಲ ನೋಡಿ, ನೀವು ಜೈ ಅನ್ನುವ ಆಟಗಾರರು.

ಗೋಲ್‌ಪೋಸ್ಟ್ ಗೌರಿ:
ಎಂಥ ಹುಟ್ಟುಹಬ್ಬ!

ಬಿಳಿ ಜೆರ್ಸಿ:
ಹಳೇ ಕಥೆ ಬಿಡಿ. ಟರ್ಕಿಯಲ್ಲಿ 2025ರ ಅಕ್ಟೋಬರ್‌ನಲ್ಲಿ ಏನಾಯಿತು? 571 ರೆಫರಿಗಳಲ್ಲಿ 371 ಜನರ ಹೆಸರಲ್ಲಿ ಬೆಟ್ಟಿಂಗ್ ಖಾತೆ ಇತ್ತು ಅಂತ ಅವರ ಫೆಡರೇಷನ್ನೇ ಹೇಳಿತು. 152 ಜನ ನಿಜವಾಗಿ ಬೆಟ್ ಕಟ್ಟುತ್ತಿದ್ದರು. ಒಬ್ಬ 18,227 ಸಲ ಕಟ್ಟಿದ್ದ.

ಎಡಗಾಲು:
18,227! ಅವನಿಗೆ ಸೀಟಿ ಊದೋಕೆ ಟೈಮ್ ಎಲ್ಲಿತ್ತು?

ಸೀಟಿ ಸಿದ್ದಪ್ಪ:
ಬೆಟ್ ಕಟ್ಟಿದವರೆಲ್ಲ ಪಂದ್ಯ ತಿರುಚಿದರು ಅಂತಲ್ಲ. ಆದರೆ ರೆಫರಿ ಬೆಟ್ ಕಟ್ಟಬಾರದು, ಒಂದು ರೂಪಾಯಿದೂ. ಸಾಲ ಆದ ದಿನ ಯಾರೋ ಒಬ್ಬ 'ಅಣ್ಣ, ಒಂದೇ ಒಂದು ಪೆನಾಲ್ಟಿ' ಅಂತ ಬರ್ತಾನೆ.

ನೀಲಿ-ಕೆಂಪು:
ನನ್ನ ಪ್ರಕಾರ ಅರ್ಧ ಅನುಮಾನ ಹುಟ್ಟೋದು ಬಾಯಿ ಮುಚ್ಚಿಕೊಂಡು ಕೂರೋದರಿಂದ. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್–ಲಿವರ್‌ಪೂಲ್. ಲೂಯಿಸ್ ಡಿಯಾಸ್ ಗೋಲು ಸರಿಯಾಗಿತ್ತು, ಮೈದಾನದಲ್ಲಿ ಆಫ್‌ಸೈಡ್ ಅಂದರು. ವಿಎಆರ್ ಕೋಣೆಯವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂತ ತಿಳ್ಕೊಂಡು ಪರಿಶೀಲನೆ ಮುಗೀತು ಅಂದುಬಿಟ್ಟರು. ಎಚ್ಚರ ಆಗೋದರೊಳಗೆ ಆಟ ಶುರುವಾಗಿತ್ತು. ಮೂರು ದಿನದ ಮೇಲೆ ಆ ಮಾತುಕತೆಯ ಧ್ವನಿಮುದ್ರಣ ಹೊರಬಿಟ್ಟರು. ಕೇಳಿ ನೋಡಿ. ಗಾಬರಿ ಬಿದ್ದ ಮನುಷ್ಯರ ಧ್ವನಿ ಅದು. ಅದನ್ನ ಹೊರಬಿಡದಿದ್ದರೆ ಇವತ್ತಿಗೂ 'ಫಿಕ್ಸ್' ಅಂತಲೇ ಹೇಳುತ್ತಿದ್ದೆವು.

ಬಿಳಿ ಜೆರ್ಸಿ:
ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಲೆಕ್ಕದ ಮೇಷ್ಟ್ರು:
ಹನ್ನೆರಡನೇ ಆಟಗಾರರೇ, ಒಂದು ಕೆಲಸ ಮಾಡಿ. ಆ ಪಂದ್ಯ ಮತ್ತೊಮ್ಮೆ ನೋಡಿ. ಸದ್ದು ಪೂರ್ತಿ ಬಂದ್ ಮಾಡಿ, ಕಾಮೆಂಟರಿನೂ ಬೇಡ. ಪೆನ್ನು ಹಿಡಿದು ಕೂತು ಎರಡೂ ಕಡೆಯ ತಪ್ಪು ತೀರ್ಪು ಬರೆಯಿರಿ. ನಿಮಗೆ ಅನುಕೂಲ ಆದದ್ದನ್ನೂ ಬರೀಬೇಕು.

ಬೆಂಚ್ ಬಸ್ಯ:
ಅವರು ಬರೀತಾರಾ? ನಾನು ಬೇಕಾದರೆ ಬೆಟ್ ಕಟ್ತೀನಿ.

ಸೀಟಿ ಸಿದ್ದಪ್ಪ:
ಬಸ್ಯ!

ಹನ್ನೆರಡನೇ ಆಟಗಾರ:
ನೋಡಿದೆ. ಪೂರ್ತಿ 90 ನಿಮಿಷ, ಸದ್ದಿಲ್ಲದೆ. ಮೀನಿನ ತೊಟ್ಟಿ ನೋಡಿದ ಹಾಗಿತ್ತು.

ಹ್ಯಾಂಡ್‌ಬಾಲ್: ಚೆಂಡು ಮೊದಲು ಅವನದೇ ತೊಡೆಗೆ ಬಡಿದು ಕೈಗೆ ಹಾರಿದೆ. ಕೊಡಬಹುದಿತ್ತು. ಕೊಡದಿದ್ದರೆ ಕಳ್ಳತನ ಅನ್ನೋಕಾಗಲ್ಲ. ಶರ್ಟ್ ಎಳೆದದ್ದು: ನಮ್ಮವನ ಎಡಗೈಯಲ್ಲಿ ಅವನ ಶರ್ಟೂ ಇತ್ತು. ನಿನ್ನೆ ಆ ಕೈ ನನಗೆ ಕಾಣಲೇ ಇಲ್ಲ. 93ನೇ ನಿಮಿಷದ್ದು: ಹಿಮ್ಮಡಿಗೆ ತಾಗಿದೆ. ಜೋರಾಗಿ ಅಲ್ಲ, ಆದರೆ ತಾಗಿದೆ. ನಿನ್ನೆ ಆ ಹೊತ್ತಿಗೆ ನಾನು ಎದ್ದು ನಿಂತು ಟಿವಿಗೆ ಬೈಯುತ್ತಿದ್ದೆ.

ಇನ್ನೊಂದು ಹೇಳಲೇಬೇಕು. 31ನೇ ನಿಮಿಷದಲ್ಲಿ ನಮ್ಮ ಮಿಡ್‌ಫೀಲ್ಡರ್ ಆ ಕಡೆಯವನೊಬ್ಬನನ್ನ ಹಿಂದಿನಿಂದ ಕೆಡವಿದ. ನಮ್ಮವನಿಗೆ ಆಗಲೇ ಒಂದು ಹಳದಿ ಇತ್ತು, ಇನ್ನೊಂದು ಬಿದ್ದಿದ್ದರೆ ಹೊರಗೆ. ರೆಫರಿ ಬರೀ ಮಾತಲ್ಲಿ ಬೈದು ಬಿಟ್ಟ. ನನಗೆ ಅದು ನೆನಪೇ ಇರಲಿಲ್ಲ.

ಆದರೆ ಆ ಅಡ್ಡಗಾಲು ಪೆನಾಲ್ಟಿನೇ. ನಾಲ್ಕು ಸಲ ನಿಲ್ಲಿಸಿ ನೋಡಿದೆ. ಅದನ್ನ ಮಾತ್ರ ಬಿಡಲ್ಲ. ವಿಎಆರ್‌ನವರು ಯಾಕೆ ಸುಮ್ಮನಿದ್ದರು ಅಂತ ಯಾರಾದರೂ ಹೇಳಲಿ.

ಸೀಟಿ ಸಿದ್ದಪ್ಪ:
ಕ್ಲಿಪ್ ಇದ್ದರೆ ಕಳಿಸಿ, ನೋಡೋಣ.

ಹನ್ನೆರಡನೇ ಆಟಗಾರ:
ಕಳಿಸಿದರೆ ಜೆರ್ಸಿ ಕಾಣುತ್ತೆ.

ಎಡಗಾಲು:
ಕಾಣಲಿ ಬಿಡಿ ಗುರು. ಇಷ್ಟು ಒಪ್ಪಿಕೊಂಡ ಮೇಲೆ ತಂಡದ ಹೆಸರು ಹೇಳೋಕೇನು?

ಹನ್ನೆರಡನೇ ಆಟಗಾರ:
ಆಗಲ್ಲ.